ಪಡಸಾಲೆಯಲ್ಲೇ ಹತ್ತು ಮೀಟರ್

2024ರ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಎರಡು ದಿನ ಬಿಟ್ಟು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಮತ್ತೊಂದು ಕಂಚು ಬಂತು. ಹರಿಯಾಣದ ಒಂದು ಹಳ್ಳಿಯ ಹುಡುಗಿ ಇಷ್ಟು ಸಾಧಿಸಿದ್ದನ್ನು ಟಿ.ವಿ.ಯಲ್ಲಿ ಕಂಡ ನಮ್ಮ ಸೀಮೆಯ ಮಕ್ಕಳಿಗೂ ಆಸೆ ಹುಟ್ಟುವುದು ಸಹಜ. ಆಸೆಯ ಬೆನ್ನಿಗೇ ಪ್ರಶ್ನೆಯೂ ಬರುತ್ತದೆ. ಲಕ್ಷ್ಮೇಶ್ವರ–ಶಿರಹಟ್ಟಿ ಸೀಮೆಯ ಯಳವತ್ತಿಯಂಥ ಊರಿನ ಮಗು ಇದನ್ನು ಎಲ್ಲಿ ಕಲಿಯಬೇಕು? ಊರಲ್ಲೇ ಶೂಟಿಂಗ್ ರೇಂಜ್ ಇರುವ ಹಳ್ಳಿ ನಮ್ಮಲ್ಲಿ ಅಪರೂಪ. ಒಳ್ಳೆಯ ತರಬೇತಿಗೆ ಹುಬ್ಬಳ್ಳಿ, ಬೆಂಗಳೂರಿನ ಕಡೆ ನೋಡಬೇಕು. ಶಾಲೆ ಮುಗಿಸಿ ದಿನಾ ಬಸ್ಸು ಹತ್ತಿ ಹೋಗಿ ಬರುವುದು ಎಷ್ಟು ಮಕ್ಕಳಿಗೆ ಸಾಧ್ಯ?

ಈ ಆಟದ ಬಹುಪಾಲು ಕಲಿಕೆ ಮನೆಯೊಳಗೇ ಸಾಧ್ಯ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ಆಟದ ಸ್ವರೂಪವೇ ಹಾಗಿದೆ. ಆದರೆ ಮನೆಯೊಳಗೆ ಮಾಡುವಾಗ ಕೆಲವು ನಿಯಮಗಳನ್ನು ಕಣ್ಣುಮುಚ್ಚಿ ಪಾಲಿಸಬೇಕು. ಎರಡನ್ನೂ ಬಿಡಿಸಿ ಹೇಳುವ ಪ್ರಯತ್ನ ಈ ಬರಹ.

ಆಟದ ಅಳತೆ

ಏರ್ ಪಿಸ್ತೂಲ್ 1988ರ ಸೋಲ್ ಕೂಟದಲ್ಲಿ ಒಲಿಂಪಿಕ್ಸ್‌ಗೆ ಸೇರಿತು. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ನಿಂತು ಹೊಡೆಯಬೇಕು. ಗುರಿ 10 ಮೀಟರ್ ದೂರದಲ್ಲಿ, ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ. ಗುರಿ ಹಾಳೆಯ ನಡುವಿನ ಕಪ್ಪು ವೃತ್ತದ ಅಡ್ಡಳತೆ 59.5 ಮಿ.ಮೀ. ಅದರೊಳಗಿನ ಹತ್ತು ಅಂಕದ ವೃತ್ತ ಬರೀ 11.5 ಮಿ.ಮೀ., ಅಂದರೆ ಅಂಗಿಯ ಗುಂಡಿಯಷ್ಟು. ಪೆಲೆಟ್‌ನ, ಅಂದರೆ ಈ ಪಿಸ್ತೂಲಿನ ಸಣ್ಣ ಗುಂಡಿನ, ಅಳತೆ 4.5 ಮಿ.ಮೀ. ಪಿಸ್ತೂಲಿನ ತೂಕ ಒಂದೂವರೆ ಕಿಲೋ ಮೀರಬಾರದು. ಟ್ರಿಗರ್ ಒತ್ತಲು ಕನಿಷ್ಠ 500 ಗ್ರಾಂ ಭಾರ ಬೇಕೇ ಬೇಕು, ಸ್ಪರ್ಧೆಯಲ್ಲಿ ಅದನ್ನು ತೂಗಿ ನೋಡುತ್ತಾರೆ. ಅರ್ಹತಾ ಸುತ್ತಿನಲ್ಲಿ 60 ಗುಂಡು. ಎಲೆಕ್ಟ್ರಾನಿಕ್ ಗುರಿಯಾದರೆ ಅದಕ್ಕೆ ಒಂದೂಕಾಲು ಗಂಟೆ. 2018ರಿಂದ ಮಹಿಳೆಯರಿಗೂ ಪುರುಷರಷ್ಟೇ 60 ಗುಂಡು.

ಈ ಅಂಕಿಗಳಲ್ಲಿ ನಮಗೆ ಮುಖ್ಯವಾದದ್ದು ಆ 10 ಮೀಟರ್, ಅಂದರೆ ಸುಮಾರು 33 ಅಡಿ. ಕ್ರಿಕೆಟ್ಟಿಗೆ ಮೈದಾನ ಬೇಕು, ಕಬಡ್ಡಿಗೆ ಅಂಕಣ ಬೇಕು, ಎರಡಕ್ಕೂ ಜೊತೆಗಾರರು ಬೇಕು. ಇಲ್ಲಿ ಬೇಕಾದದ್ದು ಉದ್ದನೆಯ ಒಂದು ಜಾಗ, ಒಬ್ಬರೇ ಆಟಗಾರರು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲಿನಿಂದ ಹಿತ್ತಿಲಿನ ತನಕ, ಪಡಸಾಲೆ ಮತ್ತು ನಡುಮನೆ ಸೇರಿಸಿ ಅಳೆದರೆ 33 ಅಡಿ ಸಿಕ್ಕೀತು. ಸಿಗದಿದ್ದರೂ ಚಿಂತೆಯಿಲ್ಲ. 5 ಮೀಟರ್ ಜಾಗವಿದ್ದರೆ ಗುರಿ ಹಾಳೆಯನ್ನು ಅರ್ಧಕ್ಕೆ ಇಳಿಸಿ ಮುದ್ರಿಸಿಕೊಂಡರೆ ಕಣ್ಣಿಗೆ ಕಪ್ಪು ವೃತ್ತ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಆರಂಭದ ಕಲಿಕೆಗಂತೂ ಅಷ್ಟೂ ಬೇಡ, ಒಂದು ಖಾಲಿ ಗೋಡೆ ಸಾಕು. ಅದು ಹೇಗೆಂದು ತಿಳಿಯಲು ಗುಂಡು ಯಾಕೆ ಗುರಿ ತಪ್ಪುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕೈ ನಡುಗಿದರೆ ಏನಾಗುತ್ತದೆ?

ಕೈ ನಡುಗಿದ್ದಕ್ಕೇ ಗುಂಡು ತಪ್ಪಿತು ಎಂದು ಹೊಸಬರೆಲ್ಲ ತಿಳಿಯುತ್ತಾರೆ. ಲೆಕ್ಕ ಹಾಕಿದರೆ ಬೇರೆ ಸಂಗತಿ ಹೊರಬೀಳುತ್ತದೆ. ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಎರಡು ಸೈಟ್‌ಗಳಿರುತ್ತವೆ. ಕಣ್ಣಿನ ಹತ್ತಿರ ಇರುವುದು ರಿಯರ್ ಸೈಟ್, ಅದರಲ್ಲಿ ಒಂದು ಕಚ್ಚು ಇರುತ್ತದೆ. ನಳಿಗೆಯ ತುದಿಯಲ್ಲಿರುವುದು ಫ್ರಂಟ್ ಸೈಟ್. ಎರಡರ ನಡುವೆ ಸುಮಾರು 30 ಸೆಂ.ಮೀ. ಅಂತರ. ಮುಂದಿನ ಸೈಟ್ ಹಿಂದಿನ ಕಚ್ಚಿನ ನಟ್ಟನಡುವೆ ನಿಂತು, ಎರಡರ ಮೇಲಂಚೂ ಒಂದೇ ಸಮನಾಗಿ ಕಾಣಬೇಕು.

ಕೈ ಇಡಿಯಾಗಿ, ಸೈಟ್‌ಗಳ ಹೊಂದಿಕೆ ಕೆಡದಂತೆ, 5 ಮಿ.ಮೀ. ಆಚೀಚೆ ಸರಿಯಿತು ಅನ್ನಿ. ಗುಂಡೂ ಗುರಿಯ ಮೇಲೆ 5 ಮಿ.ಮೀ. ಮಾತ್ರ ಸರಿಯುತ್ತದೆ. ಪೆಲೆಟ್‌ನ ಅಂಚು ವೃತ್ತವನ್ನು ಮುಟ್ಟಿದರೂ ಅಂಕ ಸಿಗುವುದರಿಂದ ಅದು ಇನ್ನೂ ಹತ್ತೇ. ಈಗ ಕೈ ಅಲುಗದೆ ಮಣಿಕಟ್ಟು ಮಾತ್ರ ತುಸು ತಿರುಗಿತು, ಮುಂದಿನ ಸೈಟ್ ಹಿಂದಿನದರ ಲೆಕ್ಕಕ್ಕೆ 1 ಮಿ.ಮೀ. ಪಕ್ಕಕ್ಕೆ ಹೋಯಿತು ಅನ್ನಿ. 30 ಸೆಂ.ಮೀ.ನಲ್ಲಿ 1 ಮಿ.ಮೀ. ತಪ್ಪಾದರೆ 10 ಮೀಟರ್ ದಾಟುವಷ್ಟರಲ್ಲಿ ಅದು 3 ಸೆಂ.ಮೀ.ಗೂ ಹೆಚ್ಚಾಗುತ್ತದೆ. ಗುಂಡು ಹತ್ತು ಬಿಟ್ಟು ಆರು, ಏಳರ ವೃತ್ತಕ್ಕೆ ಬೀಳುತ್ತದೆ. ಹತ್ತು ಅಂಕ ಕೈತಪ್ಪಬಾರದೆಂದರೆ ಸೈಟ್‌ಗಳ ಹೊಂದಿಕೆಯಲ್ಲಿ ಕಾಲು ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಇರಕೂಡದು.

ಬದುಕಿರುವ ಮನುಷ್ಯನ ಕೈ ನಡುಗಿಯೇ ನಡುಗುತ್ತದೆ. ಚಾಂಪಿಯನ್ನರ ಕೈಯೂ ನಡುಗುತ್ತದೆ. ನಡುಕವನ್ನು ಆಟ ಸಹಿಸಿಕೊಳ್ಳುತ್ತದೆ. ಅದು ಕ್ಷಮಿಸದಿರುವುದು ಟ್ರಿಗರ್ ಜಗ್ಗಿದಾಗ ಸೈಟ್ ಓರೆಯಾಗುವುದನ್ನು. ಹಾಗಾಗಿ ಈ ಆಟದ ಬೇರು ಎರಡೇ: ಕಣ್ಣು ಮುಂದಿನ ಸೈಟ್ ಮೇಲೆ ನೆಟ್ಟಿರುವುದು, ಬೆರಳು ಸೈಟ್ ಅಲುಗದಂತೆ ಟ್ರಿಗರ್ ಒತ್ತುವುದು. ಈ ಎರಡನ್ನೂ ಕಲಿಯಲು ಪೆಲೆಟ್ ಬೇಡ, ಗುರಿ ಹಾಳೆಯೂ ಬೇಡ.

ಗೋಡೆಯೇ ಗುರು

ಪೆಲೆಟ್ ಇಲ್ಲದೆ ಮಾಡುವ ಅಭ್ಯಾಸಕ್ಕೆ ಶೂಟರ್‌ಗಳು ಡ್ರೈ ಪ್ರಾಕ್ಟೀಸ್ ಅನ್ನುತ್ತಾರೆ. ಸುಣ್ಣ ಬಳಿದ ಖಾಲಿ ಗೋಡೆಯ ಮುಂದೆ, ಚಾಚಿದ ಕೈಯ ಪಿಸ್ತೂಲು ಗೋಡೆಗೆ ತಾಗದಷ್ಟು ದೂರ ನಿಲ್ಲಬೇಕು. ಗೋಡೆಗೆ ಎದುರಾಗಿ ಅಲ್ಲ, ಪಕ್ಕವಾಗಿ. ಕಾಲುಗಳ ನಡುವೆ ಹೆಗಲಿನಷ್ಟು ಅಗಲ, ಇನ್ನೊಂದು ಕೈ ಜೇಬಿನಲ್ಲಿ ಅಥವಾ ಸೊಂಟಪಟ್ಟಿಯಲ್ಲಿ. ಉಸಿರೆಳೆದು ಕೈ ಎತ್ತಿ, ಸ್ವಲ್ಪ ಉಸಿರು ಬಿಟ್ಟು ತಡೆದು, ಮುಂದಿನ ಸೈಟನ್ನೇ ನೋಡುತ್ತ, ನಿಧಾನವಾಗಿ ನೇರ ಹಿಂದಕ್ಕೆ ಟ್ರಿಗರ್ ಒತ್ತಬೇಕು. ಟ್ರಿಗರ್ ಬಿಟ್ಟುಕೊಂಡ ಕ್ಷಣದಲ್ಲಿ ಸೈಟ್ ಎಲ್ಲಿತ್ತೆಂದು ನೋಡಿಕೊಳ್ಳಬೇಕು. ಆಮೇಲೂ ಒಂದೆರಡು ಸೆಕೆಂಡ್ ಕೈ ಇಳಿಸಬಾರದು.

ಗೋಡೆಯ ಮೇಲೆ ಗುರಿ ಯಾಕಿಲ್ಲವೆಂದರೆ, ಗುರಿ ಕಂಡರೆ ಕಣ್ಣು ಅತ್ತ ಓಡುತ್ತದೆ, ಮುಂದಿನ ಸೈಟ್ ಮಸುಕಾಗುತ್ತದೆ. ಕಪ್ಪು ವೃತ್ತ ನಡುವಿಗೆ ಬಂತೆಂದು ಬೆರಳು ಗಡಿಬಿಡಿಯಲ್ಲಿ ಜಗ್ಗುತ್ತದೆ. ಖಾಲಿ ಗೋಡೆ ಆ ಆಮಿಷವನ್ನು ತೆಗೆದುಹಾಕುತ್ತದೆ. ಕೈ ಎತ್ತಿ ಹತ್ತು ಸೆಕೆಂಡ್ ಕಳೆದರೂ ಟ್ರಿಗರ್ ಬಿಡದಿದ್ದರೆ ಕೈ ಇಳಿಸಿ ಮತ್ತೆ ಶುರು ಮಾಡುವುದನ್ನೂ ಇಲ್ಲೇ ಕಲಿಯಬೇಕು. ದಣಿದ ಕೈಯಿಂದ ಹಟಕ್ಕೆ ಬಿದ್ದು ಹೊಡೆದ ಗುಂಡು ಕೆಟ್ಟ ಅಭ್ಯಾಸವನ್ನೇ ಗಟ್ಟಿ ಮಾಡುತ್ತದೆ. ದಿನಕ್ಕೆ ಅರ್ಧ ಗಂಟೆ, ಆದರೆ ಪ್ರತಿದಿನ ಎಂಬ ಲೆಕ್ಕ ವಾರಕ್ಕೊಮ್ಮೆ ಮೂರು ಗಂಟೆಗಿಂತ ಮೇಲು.

ಇಲ್ಲಿ ಒಂದು ಎಚ್ಚರಿಕೆ. ಗಾಳಿ ತುಂಬಿದ ಸಿಲಿಂಡರ್ ಇರುವ ಸ್ಪರ್ಧಾ ಪಿಸ್ತೂಲುಗಳಲ್ಲಿ ಡ್ರೈ ಪ್ರಾಕ್ಟೀಸ್‌ಗೆಂದೇ ವ್ಯವಸ್ಥೆ ಇರುತ್ತದೆ. ಟ್ರಿಗರ್ ಕೆಲಸ ಮಾಡುತ್ತದೆ, ಗಾಳಿ ಹೊರಬರುವುದಿಲ್ಲ. ಅಗ್ಗದ ಸ್ಪ್ರಿಂಗ್ ಪಿಸ್ತೂಲುಗಳಲ್ಲಿ ಇದು ಇರುವುದಿಲ್ಲ. ಅವುಗಳಲ್ಲಿ ಪೆಲೆಟ್ ಹಾಕದೆ ಹೊಡೆದರೆ ಪಿಸ್ಟನ್‌ಗೆ ಎದುರಿನ ಗಾಳಿಯ ತಡೆ ಸಿಗದೆ ಅದು ಸಿಲಿಂಡರಿನ ತುದಿಗೆ ಬಡಿಯುತ್ತದೆ, ಕ್ರಮೇಣ ಪಿಸ್ತೂಲೇ ಹಾಳಾಗುತ್ತದೆ. ಅಂಥದ್ದು ಇದ್ದವರು ಸೈಟ್ ಹೊಂದಿಸಿ ಕೈ ನಿಲ್ಲಿಸುವ ಅಭ್ಯಾಸವನ್ನಷ್ಟೇ ಖಾಲಿ ಪಿಸ್ತೂಲಿನಲ್ಲಿ ಮಾಡಬೇಕು.

ಮನೆಯಲ್ಲಿ ಅಭ್ಯಾಸ ಮಾಡಿಯೇ ಮೇಲೆ ಬಂದವರು ಕಡಿಮೆಯಿಲ್ಲ. 2008ರ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದ ಅಭಿನವ್ ಬಿಂದ್ರಾ ಅಭ್ಯಾಸ ಮಾಡಿದ್ದು ಚಂಡೀಗಢದ ಬಳಿ ಮನೆಯ ಆವರಣದಲ್ಲೇ ಇದ್ದ ಒಳಾಂಗಣ ರೇಂಜಿನಲ್ಲಿ. ಬೀಜಿಂಗ್‌ನ ದೊಡ್ಡ ಸಭಾಂಗಣಕ್ಕೆ ಕಣ್ಣು ಒಗ್ಗಲೆಂದು ಅವರು ಒಂದು ಮದುವೆ ಮಂಟಪವನ್ನೇ ಬಾಡಿಗೆಗೆ ಹಿಡಿದು ಅಲ್ಲಿ ಅಭ್ಯಾಸ ಮಾಡಿದ್ದರು. ಹಳ್ಳಿಯಿಂದ ಬಂದವರೂ ಇದ್ದಾರೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ 16ನೇ ವಯಸ್ಸಿಗೆ ಏರ್ ಪಿಸ್ತೂಲ್ ಚಿನ್ನ ಗೆದ್ದ ಸೌರಭ್ ಚೌಧರಿ ಮೇರಠ್ ಬಳಿಯ ಕಲೀನಾ ಹಳ್ಳಿಯ ರೈತರ ಮಗ. ಕೊರೊನಾ ಲಾಕ್‌ಡೌನ್ ಬಂದಾಗ ರೇಂಜ್‌ಗಳೆಲ್ಲ ಮುಚ್ಚಿದವು, ದೇಶದ ಶೂಟರ್‌ಗಳು ಮನೆಗಳಲ್ಲೇ ಉಳಿದರು. 2020ರ ಏಪ್ರಿಲ್‌ನಲ್ಲಿ ಮಾಜಿ ಶೂಟರ್ ಶಿಮೋನ್ ಶರೀಫ್ ಒಂದು ಅಂತರರಾಷ್ಟ್ರೀಯ ಆನ್‌ಲೈನ್ ಸ್ಪರ್ಧೆಯನ್ನೇ ನಡೆಸಿದರು. ಬೇರೆ ಬೇರೆ ದೇಶದವರು ತಂತಮ್ಮ ಮನೆಯ ಎಲೆಕ್ಟ್ರಾನಿಕ್ ಗುರಿಗಳಿಗೆ ಹೊಡೆದು ಪೈಪೋಟಿ ಮಾಡಿದರು. ಮನು ಭಾಕರ್ ಕೂಡ ಅದರಲ್ಲಿದ್ದರು.

ಇವರಲ್ಲಿ ಕೆಲವರ ಮನೆಗಳಲ್ಲಿದ್ದ ಅನುಕೂಲ ನಮ್ಮ ಹಳ್ಳಿ ಮನೆಗಳಲ್ಲಿ ಇಲ್ಲ, ನಿಜ. ಹೊರದೇಶದ ಸ್ಪರ್ಧಾ ಪಿಸ್ತೂಲಿನ ಬೆಲೆಯೇ ಲಕ್ಷ ರೂಪಾಯಿ ದಾಟುತ್ತದೆ. ಆದರೆ ಗೋಡೆಯ ಮುಂದಿನ ಅಭ್ಯಾಸಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಅದನ್ನು ಬಿಂದ್ರಾ ಮಾಡಿದ ಹಾಗೆಯೇ ಯಳವತ್ತಿಯ ಮಗುವೂ ಮಾಡಬಹುದು.

ಪೆಲೆಟ್ ಹಾಕುವ ಮುನ್ನ

ಪೆಲೆಟ್ ಹಾಕಿ ಹೊಡೆಯುವ ಹಂತಕ್ಕೆ ಬಂದಾಗ ಮನೆ ಮನೆಯಾಗಿ ಉಳಿಯುವುದಿಲ್ಲ, ರೇಂಜ್ ಆಗುತ್ತದೆ. ರೇಂಜಿನ ಶಿಸ್ತು ಅಲ್ಲಿಗೂ ಬರಬೇಕು. ಸ್ಪರ್ಧಾ ಪಿಸ್ತೂಲಿನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ, ಶಕ್ತಿ ಸುಮಾರು 6 ಜೂಲ್. ಗಾಳಿಯ ಪಿಸ್ತೂಲು, ಆಟದ ಸಾಮಾನು ಎಂದು ಯಾರೂ ಹಗುರವಾಗಿ ಎಣಿಸಬಾರದು. ಒಂದು ಕಣ್ಣನ್ನು ಜೀವಮಾನಕ್ಕೆ ಕಳೆಯಲು ಅಷ್ಟು ಶಕ್ತಿ ಬೇಕಾದಷ್ಟಾಯಿತು.

ಮೊದಲನೆಯದು, ಗುಂಡು ಹೋಗಿ ಸೇರುವ ಜಾಗ. ಕಲ್ಲು, ಸಿಮೆಂಟ್, ಗಟ್ಟಿ ಹಲಗೆಗಳಿಗೆ ಬಡಿದ ಪೆಲೆಟ್ ಹೊಡೆದವರ ಕಡೆಗೇ ಸಿಡಿದು ಬರಬಹುದು. ಕಲ್ಲಿನ ಗೋಡೆ ನಮ್ಮ ಊರುಗಳಲ್ಲಿ ಸಾಮಾನ್ಯವಾದ್ದರಿಂದ ಇದು ನಮಗೆ ಹೆಚ್ಚು ಅನ್ವಯಿಸುತ್ತದೆ. ಗುರಿ ಹಾಳೆಯ ಹಿಂದೆ ಕಬ್ಬಿಣದ ಪೆಲೆಟ್ ಪೆಟ್ಟಿಗೆ ಇರಲೇಬೇಕು. ಅದರೊಳಗಿನ ತಗಡು ಕೆಳಕ್ಕೆ ಓರೆಯಾಗಿರುತ್ತದೆ, ಬಡಿದ ಪೆಲೆಟ್ ಹಿಂದಕ್ಕೆ ಬಾರದೆ ಕೆಳಗಿನ ತಟ್ಟೆಗೆ ಬೀಳುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನು ಮಾಡಿಸಿಕೊಳ್ಳಬಹುದು. ಗುರಿ ತಪ್ಪಿದ ಗುಂಡಿಗೂ ತಡೆ ಬೇಕಾದ್ದರಿಂದ ಪೆಟ್ಟಿಗೆಯ ಸುತ್ತ ದಪ್ಪ ಕೌದಿ ಇಳಿಬಿಡಬೇಕು.

ಎರಡನೆಯದು, ಬಾಗಿಲು. ಹೊಡೆಯುವ ದಾರಿಗೆ ತೆರೆದುಕೊಳ್ಳುವ ಬಾಗಿಲಿಗೆಲ್ಲ ಒಳಗಿನಿಂದ ಚಿಲಕ ಹಾಕಬೇಕು. ನೆರೆಯವರು ಕರೆಯದೆ ಒಳಗೆ ಬರುವ, ಮಕ್ಕಳು ಕೋಣೆಯಿಂದ ಕೋಣೆಗೆ ಓಡುವ ಮನೆಗಳು ನಮ್ಮವು. ಬಾಗಿಲು ಭದ್ರಪಡಿಸಲು ಆಗದ ಜಾಗದಲ್ಲಿ ಪೆಲೆಟ್ ಹಾಕಲೇಬಾರದು. ಮಕ್ಕಳು ಹೊಡೆಯುವಾಗ ಇಡೀ ಹೊತ್ತು ಹಿರಿಯರೊಬ್ಬರು ಹಿಂದೆ ನಿಂತಿರಬೇಕು. ಇದ್ದವರೆಲ್ಲರ ಕಣ್ಣಿಗೂ ರಕ್ಷಣಾ ಕನ್ನಡಕ ಬೇಕು.

ಮೂರನೆಯದು, ಕೈಯ ಶಿಸ್ತು. ಪಿಸ್ತೂಲು ಖಾಲಿಯಿದ್ದರೂ ತುಂಬಿದೆ ಎಂದೇ ತಿಳಿದು ಹಿಡಿಯಬೇಕು. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಸೈಟ್ ಗುರಿಗೆ ಬರುವ ತನಕ ಬೆರಳು ಟ್ರಿಗರ್ ಮುಟ್ಟಕೂಡದು. ಹೊಡೆಯದ ಹೊತ್ತಿನಲ್ಲಿ ಎದ್ದುಕಾಣುವ ಬಣ್ಣದ ದಾರವನ್ನು ನಳಿಗೆಯೊಳಗೆ ತೂರಿಸಿಡುವುದು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಕಡ್ಡಾಯ. ದಾರ ಹೊರಗೆ ಕಂಡರೆ ಒಳಗೆ ಪೆಲೆಟ್ ಇಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಅಭ್ಯಾಸ ಮುಗಿದ ಮೇಲೆ ಪಿಸ್ತೂಲು ಬೀಗದೊಳಗೆ, ಪೆಲೆಟ್ ಬೇರೆ ಕಡೆ. ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರನ್ನು ಬೇಸಿಗೆಯ ಬಿಸಿಲಿಗೆ, ಕಾದ ತಗಡಿನ ಕೆಳಗೆ ಇಡಬಾರದು. ಅದರ ಮೇಲೆ ನಮೂದಾದ ಅವಧಿ ಮುಗಿದರೆ ಬಳಸಬಾರದು.

ನಾಲ್ಕನೆಯದು, ಸೀಸ. ಪೆಲೆಟ್ ಸೀಸದ್ದು. ತಗಡಿಗೆ ಬಡಿದಾಗ ಸಣ್ಣ ಪುಡಿ ಏಳುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು, ಗರ್ಭಿಣಿಯರಿಗೂ ಅಪಾಯ. ಆದ್ದರಿಂದ ಅಡುಗೆ ಮಾಡುವ, ಉಣ್ಣುವ, ಕಾಳು ಹಸನು ಮಾಡುವ ಜಾಗದಲ್ಲಿ ಪೆಲೆಟ್ ಅಭ್ಯಾಸ ಬೇಡ. ನೆಲವನ್ನು ಗುಡಿಸಿದರೆ ಪುಡಿ ಗಾಳಿಗೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟ ಕೂಡದು. ಅಭ್ಯಾಸ ಮುಗಿದ ಕೂಡಲೇ ಸಾಬೂನು ಹಚ್ಚಿ ಕೈ ತೊಳೆದು ಆಮೇಲೆಯೇ ಊಟಕ್ಕೆ ಕೂರಬೇಕು. ಬಳಸಿದ ಪೆಲೆಟ್ಟನ್ನು ತಿಪ್ಪೆಗೋ ಹೊಲಕ್ಕೋ ಎಸೆಯದೆ ಡಬ್ಬಿಯಲ್ಲಿ ಕೂಡಿಡಬೇಕು.

ಕಾನೂನು, ಮತ್ತು ಮಾಗಡಿ ಕೆರೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧಾ ಏರ್ ಪಿಸ್ತೂಲು ಈ ಮಿತಿಯೊಳಗೇ ಬರುತ್ತದೆ. ಲೈಸೆನ್ಸ್ ಬೇಡವೆಂದರೆ ಹೊಣೆ ಬೇಡ ಎಂದಲ್ಲ. ಇನ್ನೊಬ್ಬರ ಜೀವಕ್ಕೆ ಅಪಾಯ ತರುವ ಅಜಾಗರೂಕತೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಅಪರಾಧ. ದೂರದಿಂದ ನೋಡಿದವರಿಗೆ ಇದು ಗಾಳಿಯದೋ ನಿಜವಾದದ್ದೋ ತಿಳಿಯುವುದಿಲ್ಲ. ಹಾಗಾಗಿ ಅಂಗಳಕ್ಕೆ, ಬೀದಿಗೆ, ಬಸ್ ನಿಲ್ದಾಣಕ್ಕೆ ಕೈಯಲ್ಲಿ ಹಿಡಿದು ಹೋಗಲೇಬಾರದು. ಒಯ್ಯುವುದಿದ್ದರೆ ಮುಚ್ಚಿದ ಪೆಟ್ಟಿಗೆಯಲ್ಲಿ, ಖರೀದಿ ರಸೀದಿಯ ಜೊತೆ. ಮನೆಯಲ್ಲಿ ಅಭ್ಯಾಸ ಶುರು ಮಾಡುವ ಮೊದಲು ಅಕ್ಕಪಕ್ಕದವರಿಗೂ ಪೊಲೀಸ್ ಠಾಣೆಗೂ ತಿಳಿಸುವುದು ಒಳ್ಳೆಯದು.

ನಮ್ಮ ಸೀಮೆಗೆ ಇನ್ನೊಂದು ಹೊಣೆ ಇದೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರ ಜನವರಿಯಲ್ಲಿ ಮಾಗಡಿ ಕೆರೆ ಸಂರಕ್ಷಿತ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಈ ಹೆಬ್ಬಾತುಗಳು ಮೇವಿಗಾಗಿ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ, ಶೇಂಗಾ ಹೊಲದಲ್ಲಿ ನಷ್ಟವೂ ಆಗುತ್ತದೆ. ಹಾಗೆಂದು ಗಾಳಿ ಬಂದೂಕು ಹಕ್ಕಿಯ ಕಡೆ ತಿರುಗಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿ ಬೇಟೆ ಶಿಕ್ಷಾರ್ಹ ಅಪರಾಧ. ಅರುಣಾಚಲ ಪ್ರದೇಶದಲ್ಲಿ ಏರ್ ಗನ್‌ಗಳಿಂದ ಕಾಡಿನ ಹಕ್ಕಿಗಳು ಬರಿದಾಗುತ್ತಿವೆ ಎಂದು 2021ರಲ್ಲಿ ಸರ್ಕಾರವೇ ಅವನ್ನು ಒಪ್ಪಿಸುವಂತೆ ಜನರನ್ನು ಕೇಳುವ ಅಭಿಯಾನ ಶುರು ಮಾಡಬೇಕಾಯಿತು. ಪಿಸ್ತೂಲು ಹಿಡಿದ ಮಗುವಿಗೆ ನಾವು ಕಲಿಸಬೇಕಾದ ಮೊದಲ ಪಾಠ ಇದೇ: ಗುರಿ ಹಾಳೆ ಬಿಟ್ಟು ಬೇರಾವುದೂ ಗುರಿಯಲ್ಲ.

ಹೆಣ್ಣುಮಕ್ಕಳಿಗೆ ತೆರೆದ ಬಾಗಿಲು

ಮನೆಯೊಳಗಿನ ಅಭ್ಯಾಸದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಆಟ ಹೈಸ್ಕೂಲಿಗೇ ಮುಗಿಯುತ್ತದೆ. ಮೈದಾನ ದೂರ, ಸಂಜೆ ಹೊತ್ತಾಗುತ್ತದೆ, ಮನೆಗೆಲಸ ಇರುತ್ತದೆ. ಏರ್ ಪಿಸ್ತೂಲಿಗೆ ಈ ಯಾವ ನೆಪವೂ ಅಡ್ಡಬಾರದು. ಎತ್ತರ, ಓಟದ ವೇಗ, ತೋಳಿನ ಬಲ ಇಲ್ಲಿ ಗೆಲುವನ್ನು ತೀರ್ಮಾನಿಸುವುದಿಲ್ಲ. ಬೆಂಗಳೂರಿನ ದಿವ್ಯಾ ಟಿ.ಎಸ್. ಬಾಸ್ಕೆಟ್‌ಬಾಲ್ ಆಡುತ್ತಿದ್ದವರು, ಆಮೇಲೆ ಪಿಸ್ತೂಲು ಹಿಡಿದರು. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದಲ್ಲಿ ಚಿನ್ನ, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದರು.

ಕರ್ನಾಟಕಕ್ಕೆ ಈ ಆಟದಲ್ಲಿ ಒಳ್ಳೆಯ ಪರಂಪರೆಯೇ ಇದೆ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಪ್ರಕಾಶ್ ನಂಜಪ್ಪ ಊರಿಗೆ ಮರಳಿ ಆಟಕ್ಕಿಳಿದರು. 2013ರಲ್ಲಿ ಮುಖದ ಪಾರ್ಶ್ವವಾಯು ಬಡಿದರೂ ಎದ್ದು ಬಂದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು. 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಬೆಂಗಳೂರಿನ 15ರ ಹುಡುಗ ಜೊನಾಥನ್ ಆಂಟನಿ ಏರ್ ಪಿಸ್ತೂಲ್ ಚಿನ್ನ ಗೆದ್ದ. ನಮಗೆ ಹತ್ತಿರದ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಗಾಲಿಕುರ್ಚಿಯಲ್ಲಿ ಕೂತೇ ಏರ್ ರೈಫಲ್ ಅಭ್ಯಾಸ ಮಾಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ತನಕ ಹೋದರು. ಹೆಣ್ಣು, ಗಂಡು, ಅಂಗವಿಕಲರು ಎಲ್ಲರಿಗೂ ಜಾಗವಿರುವ ಆಟ ಇದು.

ಮನೆಯ ಅಭ್ಯಾಸಕ್ಕೆ ಮಿತಿಯೂ ಇದೆ. ಕೈಹಿಡಿತದ ತಪ್ಪು, ನಿಲುವಿನ ತಪ್ಪು ತನಗೆ ತಾನೇ ಕಾಣುವುದಿಲ್ಲ. ತಪ್ಪನ್ನೇ ಸಾವಿರ ಸಲ ಮಾಡಿದರೆ ತಪ್ಪೇ ರೂಢಿಯಾಗುತ್ತದೆ. ಆರಂಭದಲ್ಲೇ ತರಬೇತುದಾರರ ಬಳಿ ಹೋಗಿ ಹಿಡಿತ, ನಿಲುವು ಕಲಿತು, ಆಮೇಲೆ ತಿಂಗಳಿಗೆ ಒಂದೆರಡು ಸಲವಾದರೂ ರೇಂಜಿಗೆ ಹೋಗಿ ತಿದ್ದಿಸಿಕೊಂಡು ಬರಬೇಕು. ಪಕ್ಕದಲ್ಲಿ ಹತ್ತು ಮಂದಿ ಹೊಡೆಯುವಾಗಿನ ಎದೆಬಡಿತ ಮನೆಯಲ್ಲಿ ಸಿಗುವುದಿಲ್ಲ, ಅದಕ್ಕೆ ಸ್ಪರ್ಧೆಗೇ ಇಳಿಯಬೇಕು. 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಅಡಿ ರಾಜ್ಯ ಮಟ್ಟದ ಸ್ಪರ್ಧೆಗಳೂ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಏರುವ ಮೆಟ್ಟಿಲುಗಳೂ ಇವೆ.

ಇಲ್ಲಿ ಗ್ರಾಮ ಪಂಚಾಯಿತಿಗಳಿಗೆ, ಹೈಸ್ಕೂಲಿನ ಮುಖ್ಯೋಪಾಧ್ಯಾಯರಿಗೆ ಒಂದು ವಿನಂತಿ. ಬಿಂದ್ರಾ ಮದುವೆ ಮಂಟಪದಲ್ಲಿ ಅಭ್ಯಾಸ ಮಾಡಿದರು. ನಮ್ಮ ಊರುಗಳ ಸಮುದಾಯ ಭವನಗಳೂ ಶಾಲೆಯ ದೊಡ್ಡ ಕೊಠಡಿಗಳೂ ವರ್ಷದ ಬಹುಪಾಲು ದಿನ ಖಾಲಿ ಇರುತ್ತವೆ. 33 ಅಡಿಯ ಒಂದು ಲೇನ್, ಒಂದು ಕಬ್ಬಿಣದ ಪೆಟ್ಟಿಗೆ, ಗುರಿಯ ಮೇಲೆ ಒಳ್ಳೆಯ ಬೆಳಕು, ಬೀಗವಿರುವ ಕಪಾಟು, ತರಬೇತಿ ಪಡೆದ ಒಬ್ಬ ದೈಹಿಕ ಶಿಕ್ಷಕರು, ಊರಿನ ಮಕ್ಕಳೆಲ್ಲ ಸರದಿಯಂತೆ ಬಳಸುವ ಒಂದೆರಡು ಪಿಸ್ತೂಲು ಇಷ್ಟಿದ್ದರೆ ಆರಂಭಕ್ಕೆ ಸಾಕು. ಒಂದೊಂದು ಕುಟುಂಬದ ಕೈಗೆ ಎಟುಕದ ಬೆಲೆಯನ್ನು ಊರು ಸೇರಿ ಭರಿಸಬಹುದು, ಒಂದೊಂದು ಮನೆಯಲ್ಲಿ ಕಷ್ಟವಾಗುವ ಸುರಕ್ಷತೆಯನ್ನು ಅಲ್ಲಿ ಸರಿಯಾಗಿ ಕಾಯಬಹುದು. ಮನೆಯಲ್ಲಿ ಗೋಡೆಯ ಮುಂದೆ ಡ್ರೈ ಪ್ರಾಕ್ಟೀಸ್, ವಾರಕ್ಕೆರಡು ದಿನ ಭವನದಲ್ಲಿ ಪೆಲೆಟ್: ನಮ್ಮ ಹಳ್ಳಿಗಳಿಗೆ ಹೊಂದುವ ಕ್ರಮ ಇದೇ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಈ ಮಾತನ್ನು ಎತ್ತಲಿ.